ಆಂಗಲ್ ಸರಿ ಇಲ್ಲ ಆಂಟಿ

ಐವತ್ತು ದಾಟಿದ ಹೆಂಗಸರು ನನ್ನ ಕ್ಯಾಮೆರಾ ಮುಂದೆ ಕೂತ್ರು ಅಂದ್ರೆ, ಅವತ್ತು ನನ್ನ ಮರ್ಯಾದೆ ಹೋಯ್ತು ಅಂತಾನೇ ಲೆಕ್ಕ. ಯಾಕೋ ಏನೋ, ಬೇರೆ ಯಾರ ಹತ್ರಾನೂ ಹೀಗಾಗಲ್ಲ.

ಬಿಎಸ್ಸಿ ಎರಡನೇ ವರ್ಷದಲ್ಲಿ ಕಾಲೇಜಿಗೆ ಕೈಮುಗಿದು ಚಿಕ್ಕಬಳ್ಳಾಪುರದ ಒಂದು ಸ್ಟುಡಿಯೋ ಸೇರ್ಕೊಂಡೋನು ನಾನು. ಮೊಬೈಲಲ್ಲಿ ನಾಲ್ಕು ವಿಡಿಯೋ ನೋಡಿ ಒಂದು ವಿದ್ಯೆ ಕಲ್ತಿದ್ದೆ: ಕ್ಯಾಮೆರಾ ಮೇಲಿಂದ ಹಿಡಿದ್ರೆ ಗದ್ದದ ಕೆಳಗಿರೋ ಇನ್ನೊಂದು ಗದ್ದ ಮಾಯ. ಅದಕ್ಕೇ ಯಾರು ಬಂದ್ರೂ ನಾನು ಸ್ಟೂಲ್ ಮೇಲೆ. ಸ್ಟುಡಿಯೋ ಯಜಮಾನ್ರು ಮೊದಲ್ನೇ ದಿನಾನೇ ಹೇಳ್ಬಿಟ್ಟಿದ್ರು: "ಮೂರು ಕಂಪ್ಲೇಂಟ್ ಬರ್ಲಿ, ನಿಮ್ಮಮ್ಮಂಗೆ ಫೋನ್ ಮಾಡ್ತೀನಿ." ಅಮ್ಮ ನನ್ನ ವಾಪಸ್ ಕಾಲೇಜಿಗೆ ಸೇರ್ಸಕ್ಕೆ ಅರ್ಜಿ ಫಾರಂ ತಂದು ದೇವರ ಮನೇಲಿ ಇಟ್ಟು ದಿನಾ ಅದಕ್ಕೂ ಒಂದು ಹೂವು ಇಡ್ತಿದ್ಲು.

ಒಂದನೇ ಕಂಪ್ಲೇಂಟ್

ಚಿಂತಾಮಣಿ ಕಡೆ ಹಳ್ಳೀಲಿ ಒಬ್ರು ಆಂಟಿ ಹಾಲಿನ ಡೇರಿ ಎಲೆಕ್ಷನ್‌ಗೆ ನಿಂತಿದ್ರು. ಫ್ಲೆಕ್ಸ್‌ಗೆ ಫೋಟೋ ಬೇಕಿತ್ತು. ಪಕ್ಕದಲ್ಲೇ ಅವರ ಗಂಡ, ಇಸ್ತ್ರಿ ಮಾಡಿದ ಬಿಳಿ ಪಂಚೇಲಿ, ಓಟು ಅವರಿಗೇ ಬೀಳುತ್ತೇನೋ ಅನ್ನೋ ಹಂಗೆ ನಿಂತಿದ್ರು. ಆಂಟಿ ಮಾತ್ರ ಕ್ಯಾಮೆರಾ ಕಂಡು ಮುದುರ್ಕೊಂಡಿದ್ರು.

ನಾನು ಸ್ಟೂಲ್ ಮೇಲಿಂದ ಜೋರಾಗಿ ಅಂದೆ: "ಆಂಗಲ್ ಸರಿ ಇಲ್ಲ ಆಂಟಿ. ಆಂಗಲ್ ಚೇಂಜ್ ಮಾಡಿದ್ರೆ ನೋಡಿ, ನಿಮ್ ಮುಖದಲ್ಲಿ ಎಂಥಾ ಕಾನ್ಫಿಡೆನ್ಸ್ ಬರುತ್ತೆ!"

ಅವರ ಗಂಡ ಪಂಚೆ ಮೇಲೆ ಕಟ್ಕೊಂಡು ಬಂದೇಬಿಟ್ರು. "ಏಮಿರಾ? ಅಂಕಲ್ ಚೇಂಜ್ ಮಾಡ್ಬೇಕಾ? ನಾನೇನೋ ಮಾಡಿದೀನಿ ನಿಂಗೆ?"

"ಅಂಕಲ್ ಅಲ್ಲ ಅಂಕಲ್, ಆಂಗಲ್!"

"ಎರಡೆರಡು ಸಲ ಅಂತೀಯೇನೋ!"

ಆಂಟಿ ಸೆರಗು ಬಾಯಿಗೆ ಒತ್ಕೊಂಡು ನಕ್ಕರು. "ಬಿಡ್ರೀ, ಹುಡುಗ ಸರಿಯಾಗೇ ಹೇಳ್ತಾವ್ನೆ. ಮೂವತ್ತು ವರ್ಷದಿಂದ ನಂಗೂ ಹಂಗೇ ಅನ್ಸ್ತಿತ್ತು."

ಎರಡನೇ ಕಂಪ್ಲೇಂಟ್

ಮಂಡಿಕಲ್ ಹತ್ರ ಒಬ್ರು ಅಜ್ಜಿ, ತಾವು ಹೋದ್ಮೇಲೆ ಹಾರ ಹಾಕೋ ಫೋಟೋನ ಈಗ್ಲೇ ತೆಗೆಸ್ಕೊಂಡ್ರು. ಮಾಮೂಲಿನಂಗೆ ನಾನು ಸ್ಟೂಲ್ ಹತ್ತಿದೆ. "ನನ್ ತಲೆ ಮೇಲೆ ನೋಡಿ ಅಜ್ಜಿ" ಅಂದೆ. ನೋಡಿದ್ರು. ಇಪ್ಪತ್ತು ವರ್ಷ ಚಿಕ್ಕೋರಂಗೆ ಬಂತು ಫೋಟೋ.

ವಾರ ಆದ್ಮೇಲೆ ಕರೆಸಿದ್ರು. ಹೋಗಿ ನೋಡಿದ್ರೆ, ಫ್ರೇಮ್ ಹಾಕ್ಸಿ ಅಡುಗೆಮನೆ ಬಾಗ್ಲ ಮೇಲೆ ತಗುಲ್ಹಾಕಿ ಟ್ರಯಲ್ ನೋಡ್ತಾವ್ರೆ.

"ಏನಪ್ಪಾ, ಸತ್ಮೇಲೂ ಸೊಸೆ ಮೇಲೆ ಒಂದು ಕಣ್ಣಿಡಣ ಅಂತ ನಾನು ಫೋಟೋ ತೆಗೆಸಿದ್ರೆ, ನೀನು ನನ್ನ ಹಲ್ಲಿ ಎಣಿಸಕ್ಕೆ ಕೂರ್ಸಿದೀಯಲ್ಲೋ!"

ನಿಜ. ಫೋಟೋದಲ್ಲಿ ಅಜ್ಜಿ ಸೂರು ನೋಡ್ತಿದ್ರು. ಒಲೆ ಮುಂದೆ ನಿಂತಿದ್ದ ಸೊಸೆ ನಂಗೆ ಮಾತ್ರ ಕಾಣೋ ಹಂಗೆ, ಚೆನ್ನಾಗಿದೆ, ಬದಲಾಯಿಸ್ಬೇಡ ಅಂತ ಕೈಸನ್ನೆ ಮಾಡ್ತಿದ್ರು. ಅಜ್ಜಿ ಬಿಡ್ಬೇಕಲ್ಲ! ನೆಲದ ಮೇಲೆ ಅಂಗಾತ ಮಲ್ಕೊಂಡು ಕೆಳಗಿಂದ ತೆಗೆದೆ. ಅಬ್ಬಾ! ಆ ನೋಟಕ್ಕೆ ನಾನೇ ಎದ್ದು ಕೈಕಾಲು ತೊಳ್ಕೊಂಡ್ ಬರಣ ಅನ್ನಿಸ್ತು.

ಅಜ್ಜಿಗೆ ಖುಷಿ. ಕಂಪ್ಲೇಂಟ್ ಬಂದಿದ್ದು ಸೊಸೆಯಿಂದ. "ಇದ್ದಿದ್ದು ಒಬ್ರು ಅತ್ತೆ. ನಿಮ್ ಹುಡುಗ ಬಂದು ಎರಡು ಮಾಡಿಟ್ಟು ಹೋದ!"

ಇನ್ನೊಂದೇ ಬಾಕಿ

ಹಿಂಗಿರೋವಾಗ ಒಂದಿನ ಸ್ಟುಡಿಯೋ ಒಳಗೆ ಬಂದಿದ್ದು ಯಾರು? ನಮ್ಮ ಫಿಸಿಕ್ಸ್ ಮೇಡಂ. ಬೆಳಕಿನ ಪಾಠದಲ್ಲಿ ನನ್ನ ಎರಡು ಸಲ ಫೇಲ್ ಮಾಡಿದ್ದೋರು. ನಾನು ಲೈಟಿನ ಛತ್ರಿ ಹಿಂದೆ ಬಚ್ಚಿಟ್ಕೊಂಡೆ. ಛತ್ರಿ ಬಿಳೀದು, ಹಿಂದೆ ಲೈಟು. ನನ್ನ ನೆರಳು ಅದ್ರ ಮೇಲೆ ಕರ್ರಗೆ ಬಿದ್ದಿತ್ತು.

"ಬೆಳಕಿನ ಪಾಠ ಇನ್ನೂ ಬಂದಿಲ್ಲ ನಿಂಗೆ. ಬಾರಪ್ಪ ಈಚೆ," ಅಂದ್ರು ಮೇಡಂ.

ಅವರು ರಿಟೈರ್ ಆಗ್ತಿದ್ರು. ಡಿಪಾರ್ಟ್‌ಮೆಂಟ್ ಗೋಡೆ ಮೇಲೆ ಹಳೇ ಮುಖ್ಯಸ್ಥರ ಆರು ಫೋಟೋ ಇವೆ, ಆರೂ ಗಂಡಸರೇ. ಏಳನೇದು ಇವರದು. ಯಾರೋ ತೆಗೆದಿದ್ದ ಒಂದು ಫೋಟೋ ಮೊಬೈಲಲ್ಲಿ ತೋರಿಸಿದ್ರು. ಮೇಲಿಂದ ತೆಗೆದಿದ್ದು.

"ನೋಡು, ಆ ಆರು ಜನದ ಮುಂದೆ ರಜಾ ಚೀಟಿ ಹಿಡ್ಕೊಂಡು ನಿಂತಂಗಿದೀನಿ. ಮೂವತ್ತು ವರ್ಷ ದುಡಿದು ಆ ಗೋಡೆ ಮೇಲೆ ಹಿಂಗೆ ನಿಲ್ಲಲ್ಲ ನಾನು." ಆಮೇಲೆ ಕನ್ನಡಕ ಸರಿ ಮಾಡ್ಕೊಂಡು, "ಕ್ಯಾಮೆರಾ ಕಣ್ಣಿಗಿಂತ ಕೆಳಗಿದ್ರೆ ಏನಾಗುತ್ತೆ, ಹೇಳು?"

ಅಜ್ಜಿ ನೆನಪಾದ್ರು. "ನೋಡಿದೋರಿಗೆ ಭಯ ಆಗುತ್ತೆ ಮೇಡಂ."

"ಪರ್ವಾಗಿಲ್ಲ, ಪಾಸು."

ಸ್ಟೂಲ್ ಒದ್ದು ಆ ಕಡೆ ತಳ್ಳಿ ನೆಲಕ್ಕೆ ಬಿದ್ದೆ. ಮೇಡಂ ಕೈಕಟ್ಟಿ ನಿಂತ್ರು. ಸ್ಕ್ರೀನಲ್ಲಿ ನೋಡಿದ್ರೆ, ಆ ಆರು ಜನ ಸರ್‌ಗಳ ರಜಾ ಚೀಟಿನೂ ಇವರೇ ವಾಪಸ್ ಕಳಿಸೋ ಹಂಗಿದ್ರು. ಮೇಡಂ ಎಷ್ಟೋ ಹೊತ್ತು ಅದನ್ನೇ ನೋಡಿದ್ರು.

ಅಷ್ಟ್ರಲ್ಲಿ ಯಜಮಾನ್ರು ಬಂದ್ರು. ನಾನಿನ್ನೂ ನೆಲದ ಮೇಲೇ ಇದ್ದೆ. ಅಮ್ಮಂಗೆ ಫೋನ್ ಮಾಡಕ್ಕೆ ಮೊಬೈಲ್ ಯಜಮಾನ್ರ ಕೈಯಲ್ಲೇ ಇತ್ತು. "ಏನ್ ಮೇಡಂ, ಹುಡುಗನ ಮೇಲೆ ಏನಾದ್ರೂ ಕಂಪ್ಲೇಂಟಾ?"

ಮೇಡಂ ನನ್ನ ಕಡೆ ಬಗ್ಗಿ ನೋಡಿದ್ರು.

"ಕಂಪ್ಲೇಂಟ್ ಏನಿಲ್ಲ ಬಿಡಿ. ಎರಡು ವರ್ಷ ನನ್ ಕ್ಲಾಸಲ್ಲೂ ಹಿಂಗೇ ಮಲ್ಕೊಂಡಿರ್ತಿದ್ದ. ಇವನು ಮಲ್ಕೊಂಡಿದ್ರಿಂದ ಏನಾದ್ರೂ ಪ್ರಯೋಜನ ಆಗಿದ್ದು ಅಂದ್ರೆ ಇವತ್ತೇ."