ಲಿಫ್ಟಿಗೆ ಹೋಗುವ ಮುನ್ನ ಪರೀಕ್ಷೆಯನ್ನು ಓಡಿಸಿಯೂ ನೋಡುವ ಬಗ್ಗೆ

ಇಂದ:
ಕಿರಿಯ ಪ್ರೋಗ್ರಾಮರ್, ಆರನೆಯ ಮಹಡಿ, ಕಿಟಕಿಯಿಲ್ಲದ ಮೂಲೆ

ಗೆ:
ಮುಖ್ಯಸ್ಥರು, ಕರ್ನಲ್ ವಿಭಾಗ, ಅದೇ ಮಹಡಿ, ಕಿಟಕಿಯ ಪಕ್ಕ

ವಿಷಯ: ಪುಟ್ಟ ಪರೀಕ್ಷೆಯೊಂದನ್ನು ಸೇರಿಸಿಕೊಂಡು ಓಡಿಸಲು ಕೋರಿಕೆ.

ಉಲ್ಲೇಖ: "ಒಂದೂ ಫೇಲಿಲ್ಲ" ಎಂಬ ತಮ್ಮ ಅಭಿನಂದನಾ ಪತ್ರ.

ಮಾನ್ಯರೇ,

ಇಂದು ಬೆಳಿಗ್ಗೆ ಹತ್ತೂವರೆಗೆ ಅರ್ಜಿದಾರಳು ಬರೆದ ಪರೀಕ್ಷೆ ಫೇಲಾಯಿತು. ವಿಭಾಗದ ಇತಿಹಾಸದಲ್ಲಿ ಇದು ಮೊದಲನೆಯದಾದ ಕಾರಣ ಈ ವಿವರಣೆ.

೧. ಸದರಿ ಕರ್ನಲ್, ಅಂದರೆ ಯಂತ್ರವನ್ನು ನಡೆಸುವ ಕಾರ್ಯವ್ಯವಸ್ಥೆಯ ತಿರುಳು, ಸೋಮವಾರ ನಮ್ಮದೇ ಕಟ್ಟಡದ ಲಿಫ್ಟಿಗೆ ಸೇರಲಿದೆ. ಮೆಮೊರಿಯಲ್ಲಿ ಜಾಗ ಮುಗಿದಾಗ ಅದು "ಇಲ್ಲ" ಎನ್ನಬೇಕು. ಎನ್ನುವುದಿಲ್ಲ. ದಾಕ್ಷಿಣ್ಯಕ್ಕೆ ಬಿದ್ದು, ಒಬ್ಬರಿಗೆ ಕೊಟ್ಟ ಜಾಗವನ್ನೇ ಇನ್ನೊಬ್ಬರಿಗೂ ಕೊಡುತ್ತದೆ. ಆದ್ದರಿಂದ ಬಾಗಿಲು ಮುಚ್ಚಿದೆಯೇ ಎಂಬ ಮಾಹಿತಿಯ ಮೇಲೆ ಯಾವ ಮಹಡಿ ಎಂಬ ಮಾಹಿತಿ ಬಂದು ಕೂರಬಹುದು.

೨. ಕೋಡು ಬರೆದ ಹಿರಿಯ ಎಂಜಿನಿಯರರಿಗೆ (ವಿಭಾಗಕ್ಕೆಲ್ಲ ದೊಡ್ಡಣ್ಣ) ಇದನ್ನು ತೋರಿಸಲಾಗಿ, "ಅಲ್ಲಮ್ಮಾ, ನೀನು ಕಾಲೇಜಲ್ಲಿದ್ದಾಗಿಂದ ಓಡ್ತಿರೋ ಕೋಡಿದು. ನಿನ್ನೆ ಮೊನ್ನೆ ಹುಟ್ಟಿದ ಟೆಸ್ಟ್ ಬಂದು ಇದಕ್ಕೆ ಬುದ್ಧಿ ಹೇಳುತ್ತಾ?" ಎಂದರು. "ಫೇಲಾಯ್ತಲ್ಲ ಸಾರ್?" ಎನ್ನಲು, "ಟೆಸ್ಟ್ ತಿದ್ದು, ಪಾಸಾಗುತ್ತೆ" ಎಂದು ಪರಿಹಾರ ಸೂಚಿಸಿದರು.

೩. ಹಾಗಾದರೆ ಹಳೆಯ ಪರೀಕ್ಷೆಗಳೆಲ್ಲ ಪಾಸಾದದ್ದು ಹೇಗೆಂದು ಪರಿಶೀಲಿಸಲಾಗಿ, ಅವುಗಳನ್ನು ಓಡಿಸುವ ಆಯ್ಕೆಯನ್ನೇ ಯಾರೂ ಆನ್ ಮಾಡಿರಲಿಲ್ಲ. ವರದಿಯಲ್ಲಿ "ಫೇಲಾದವು: ಸೊನ್ನೆ" ಎಂಬುದರ ಮೇಲಿನ ಸಾಲೇ "ಓಡಿದವು: ಸೊನ್ನೆ". ವಿಭಾಗವು ಕೇಕ್ ಕತ್ತರಿಸಿದ್ದು ಕೆಳಗಿನ ಸಾಲನ್ನು ಮಾತ್ರ ಓದಿ.

೪. ಅರ್ಜಿದಾರಳಿಗೆ ಈಗ ಏಳನೆಯ ತಿಂಗಳು. ಮೆಟ್ಟಿಲು ಹತ್ತಬಾರದೆಂದು ಡಾಕ್ಟರು, ಲಿಫ್ಟ್ ಹತ್ತಬಾರದೆಂದು ಪರೀಕ್ಷೆ. ಗಂಡ ಫೋನಿನಲ್ಲಿ, "ಆ ಟೆಸ್ಟ್ ಬರೀದೆ ಸುಮ್ಮನಿದ್ದಿದ್ರೆ ಆರಾಮಾಗಿ ಹೋಗಿ ಬರ್ತಿದ್ದೆ ಅಲ್ವೇನೇ?" ಎಂದದ್ದನ್ನು ಪರಿಗಣಿಸಲಾಗಿ, ಅವರು ನಮ್ಮ ವಿಭಾಗದ ಕೆಲಸಕ್ಕೆ ಅರ್ಹರೆಂದು ಕಂಡುಬಂದಿದೆ.

ಆದ್ದರಿಂದ ಈ ಪರೀಕ್ಷೆಯನ್ನು ಸೇರಿಸಿಕೊಂಡು, ಎಲ್ಲ ಪರೀಕ್ಷೆಗಳನ್ನೂ ಆನ್ ಮಾಡಿ, ಕೋಡು ಸರಿಯಾಗುವವರೆಗೆ ಲಿಫ್ಟಿನ ಕೆಲಸ ಮುಂದೂಡಬೇಕು. ಅದು ಕಷ್ಟವಾದಲ್ಲಿ, ಅರ್ಜಿದಾರಳ ಮೇಜನ್ನು ನೆಲಮಹಡಿಗೆ ಇಳಿಸಿಕೊಡಬೇಕು.

ಓಡಿಸಿ ನೋಡಿದರೂ ತಮ್ಮ ವಿಶ್ವಾಸಿ,
ಅರ್ಜಿದಾರಳು

ಅಡಕ: ಪರೀಕ್ಷೆ (ಹನ್ನೆರಡು ಸಾಲು), ವರದಿಯ ಎರಡೂ ಸಾಲು, ಡಾಕ್ಟರ ಚೀಟಿ.

ಮುಖ್ಯಸ್ಥರ ಷರಾ: ಮೊದಲ ಕೋರಿಕೆ ಪರಿಶೀಲನೆಯಲ್ಲಿದೆ. ಎರಡನೆಯದು ಮಂಜೂರು. ನೆಲಮಹಡಿಯಲ್ಲಿ ಒಂದೇ ಜಾಗ ಉಳಿದಿರುವುದರಿಂದ ಬೇಗ ಇಳಿಯುವುದು. ದೊಡ್ಡಣ್ಣನ ಮೇಜು ಹನ್ನೊಂದು ಗಂಟೆಗೇ ಕೆಳಗೆ ಹೋಗಿದೆ.