ಪ್ರಚಂಡಕೇತು–ಧೂಮ್ರಜಿಹ್ವರ ಕಾಳಗವೂ ಸೂಪರಿಂಟೆಂಡೆಂಟರ ಫೋನೂ

ಹೇ ವಿಂಶತಿಮುಖಿ, ದಾಳನಿವಾಸಿನಿ, ಇಪ್ಪತ್ತು ಮುಖಗಳಿದ್ದೂ ಭಕ್ತರು ಬೇಡಿದ ಮುಖವನ್ನು ಎಂದೂ ತೋರದ ಮಹಾಮಾಯೆ, ಈ ಬಡ ಕಥೆಗಾರನ ನಾಲಗೆಯ ಮೇಲೆ ಒಂದು ಗಳಿಗೆ ಉರುಳು! ರಾಜರು ಹೋಗಿ ರಜೆಯ ಅರ್ಜಿಗಳು ಉಳಿದ ಈ ಯುಗದಲ್ಲಿ, ಖಡ್ಗಗಳು ತುಕ್ಕು ಹಿಡಿದು ರಬ್ಬರ್ ಮೊಹರುಗಳು ಮೆರೆಯುವ ಈ ಕಾಲದಲ್ಲಿ, ಹುಬ್ಬಳ್ಳಿಯೆಂಬ ಧೂಳಿಧೂಸರ ಮಹಾನಗರದಲ್ಲಿ ಬಾಳಿದ ಒಬ್ಬ ವೀರನ ಕಥೆಯನ್ನು ಹೇಳಹೊರಟಿದ್ದೇನೆ. ತ್ರಿರಾಜಮರ್ದನನೂ ಯಕ್ಷಸೇನಾವಿಧ್ವಂಸಕನೂ ಉಭಯಹಸ್ತಪರಶುಧರನೂ ಆದ ಆ ಮಹಾಪುರುಷನ ಹೆಸರು ಪ್ರಚಂಡಕೇತು. ಭಾನುವಾರ ಮಧ್ಯಾಹ್ನ ಮೂರರಿಂದ ಏಳರವರೆಗೆ ಮಾತ್ರ.

ಉಳಿದ ಹೊತ್ತಿನಲ್ಲಿ ಅವನು ಶಾಂತವೀರಪ್ಪ ಹಂಚಿನಮನಿ. ವಯಸ್ಸು ನಲವತ್ಮೂರು, ಕಾಲೇಜೊಂದರ ಪರೀಕ್ಷಾ ವಿಭಾಗದಲ್ಲಿ ಗುಮಾಸ್ತ. ಆಫೀಸಿನಲ್ಲಿ ಅವನು 'ಸರ, ಒಂದು ಮಾತು' ಎಂದು ಶುರು ಮಾಡಿದರೆ ಫ್ಯಾನಿನ ಸದ್ದೇ ಅದಕ್ಕಿಂತ ಜೋರಾಗಿ ಕೇಳುತ್ತಿತ್ತು. ಅವನ ಕುರ್ಚಿಯನ್ನು ಯಾರೋ ಒಯ್ದರೆ ಅವನು ಸ್ಟೂಲಿನ ಮೇಲೆ ಕೂರುತ್ತಿದ್ದ. ಸ್ಟೂಲನ್ನೂ ಒಯ್ದ ದಿನ ನಿಂತೇ ಕೆಲಸ ಮಾಡಿದ್ದ.

ದಂತವೈದ್ಯೆ ಕಾತ್ಯಾಯಿನಿ ಹಲಗೇರಿಯವರ ಕ್ಲಿನಿಕ್ಕು ಭಾನುವಾರ ಮುಚ್ಚಿರುತ್ತದೆ. ರೋಗಿಗಳು ಕೆನ್ನೆ ಹಿಡಿದುಕೊಂಡು ಕಾಯುವ ಆ ಕೋಣೆಯಲ್ಲಿ, ಗಾಜಿನ ಕಪಾಟಿನ ಪ್ಲಾಸ್ಟರ್ ಹಲ್ಲುಗಳ ಸಾಕ್ಷಿಯಲ್ಲಿ, ಮೂವರು ಕೂತು ಒಂದು ಆಟ ಆಡುತ್ತಿದ್ದರು. ಡಾಕ್ಟರು ಕಥೆ ಹೇಳುವವರು. ಉಳಿದಿಬ್ಬರು ಆ ಕಥೆಯೊಳಗಿನ ವೀರರು. ವೀರ ಏನು ಮಾಡುತ್ತಾನೆಂಬುದನ್ನು ಆಡುವವನು ಬಾಯಿಬಿಟ್ಟು ಹೇಳಬೇಕು. ಅದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಜಯ ದೊಡ್ಡದು. ಇನ್ನೊಬ್ಬ ವೀರ ರಹಮತುಲ್ಲಾ, ಶಾಂತವೀರಪ್ಪನ ಬಾಲ್ಯದ ಗೆಳೆಯ, ಬಸ್ ಕಂಡಕ್ಟರ್. ಆಟದಲ್ಲಿ ಅವನು ಹಿಮಮಂತ್ರಸಿದ್ಧನಾದ ವೃದ್ಧ ಮಾಂತ್ರಿಕ.

ಆ ಮೇಜಿನ ಮುಂದೆ ಶಾಂತವೀರಪ್ಪ 'ನಾನು ಕೊಡಲಿ ಎತ್ತಿದೆ' ಎಂದರೆ ಇಬ್ಬರು ಉಸಿರು ಬಿಗಿಹಿಡಿಯುತ್ತಿದ್ದರು. ಅವನು ಆಟಕ್ಕೆ ಬರುತ್ತಿದ್ದುದು ಅದಕ್ಕಾಗಿ. ರಾಜರನ್ನು ಕೆಡವುವುದು ಆಮೇಲಿನ ಮಾತು, ಮೊದಲು ಯಾರಾದರೂ ಅವನ ಮಾತು ಮುಗಿಯುವ ತನಕ ಕಾಯುತ್ತಿದ್ದರಲ್ಲ!

ಆದರೆ ಆ ಸ್ವರ್ಗಕ್ಕೂ ಒಬ್ಬ ಶತ್ರುವಿದ್ದ. ಸೂಪರಿಂಟೆಂಡೆಂಟ್ ಗುರುಲಿಂಗಪ್ಪ ಮರಡಿಯವರು ಭಾನುವಾರವೂ ಫೋನ್ ಮಾಡುತ್ತಿದ್ದರು. ಕಪಾಟಿನ ಕೀಲಿ ಎಲ್ಲಿ, ಕಂಪ್ಯೂಟರ್ ಯಾಕೆ ಆನ್ ಆಗುತ್ತಿಲ್ಲ, ಬಾ. ಮೂರು ವರ್ಷಗಳಿಂದ ಶಾಂತವೀರಪ್ಪ ಕರೆದಾಗಲೆಲ್ಲ ಹೋಗಿದ್ದ. ಅಗ್ನಿಸರ್ಪ ಧೂಮ್ರಜಿಹ್ವನ ಗುಹೆಯ ಬಾಗಿಲಿಗೆ ನಾಲ್ಕು ತಿಂಗಳ ಹಿಂದೆಯೇ ಮುಟ್ಟಿದ್ದರೂ ಕಾಳಗ ಮೂರು ಸಲ ಹೀಗೆ ಅರ್ಧಕ್ಕೆ ನಿಂತಿತ್ತು. ರಹಮತುಲ್ಲಾನಿಗೆ ಭಾನುವಾರದ ರಜೆ ಸಿಗುವುದು ಮೂರು ವಾರಕ್ಕೊಮ್ಮೆ.

"ಇವತ್ತು ಯಾರರ ಎದ್ದು ಹೋದ್ರ ಕಥಿ ಅಲ್ಲಿಗೇ ಮುಗೀತ್ರಿ," ಎಂದು ಡಾಕ್ಟರು ಮೊದಲೇ ಸಾರಿದ್ದರು. "ಸರ್ಪ ಊರು ಸುಡತೈತಿ. ನಾ ಮತ್ತ ಕಾಯೂದಿಲ್ಲ."

ಮೂರೂವರೆಗೆ ರಣಾರಂಭವಾಯಿತು. ಗಂಧಕದ ಹೊಗೆಯ ನಡುವೆ, ಅಸ್ಥಿಪಂಜರಗಳ ರಾಶಿಯ ಮೇಲೆ, ಏಳು ತಾಳೆಮರದುದ್ದದ ಧೂಮ್ರಜಿಹ್ವ ಹೆಡೆಯೆತ್ತಿ ನಿಂತ. ಪ್ರಚಂಡಕೇತು ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಎದೆಯುಬ್ಬಿಸಿ ಗರ್ಜಿಸಿದ:

"ಎಲವೋ ಉರಗಾಧಮನೇ! ನಗರತ್ರಯದಾಹಕನೇ! ನಿನ್ನ ಹೊಗೆಯುಗುಳುವ ಬಾಯಿಯಿಂದ ಕಟ್ಟಕಡೆಯ ಉಸಿರನ್ನು ಹೊರಡಿಸಲೆಂದೇ ಏಳು ಮರುಭೂಮಿಗಳನ್ನು ದಾಟಿ ಬಂದಿದ್ದೇನೆ. ಯಾವ ಅರಸನ ಅಪ್ಪಣೆಗೂ ಬಾಗದ ಈ ಶಿರಸ್ಸು, ಯಾವ ಪ್ರಭುವಿಗೂ ಅಂಜದ ಈ..."

ಮೇಜಿನ ಮೇಲೆ ಬೋರಲು ಮಲಗಿದ್ದ ಮೊಬೈಲು ಗುರ್ರೆಂದಿತು.

ತ್ರಿರಾಜಮರ್ದನ ಕುಸಿದು ಕೂತ. ಫೋನೆತ್ತಿ, "ಹಲೋ, ಹೇಳ್ರಿ ಸರ," ಎಂದ.

"ಏ ಶಾಂತವೀರ, ಎಲ್ಲಿದ್ದೀಪಾ? ಸ್ವಲ್ಪ ಆಫೀಸಿಗೆ ಬಾ. ನಮ್ಮ ಹೊಸಾ ಮನಿ ವಾಸ್ತುಶಾಂತಿ ಐತಲ್ಲ, ಕರಿಯೂ ಮಂದೀದು ಪಟ್ಟಿ ಟೈಪ್ ಮಾಡಬೇಕಾಗೇತಿ. ಭಾಳ ಏನಿಲ್ಲ, ನಾಕನೂರು ಹೆಸರು."

ಶಾಂತವೀರಪ್ಪ ತಲೆಯೆತ್ತಿ ನೋಡಿದ. ರಹಮತುಲ್ಲಾ ಬೈಯಲಿಲ್ಲ, ಮುಖವನ್ನೂ ಸಿಂಡರಿಸಲಿಲ್ಲ. ಸುಮ್ಮನೆ ತನ್ನ ವಹಿ ಮುಚ್ಚಿ, ಪೆನ್ನಿನ ಟೋಪಿ ಹಾಕಿ, ಚೀಲದ ಜಿಪ್ಪು ಎಳೆಯತೊಡಗಿದ್ದ. ಗೆಳೆಯ ಏನು ಉತ್ತರ ಕೊಡುತ್ತಾನೆಂಬುದರ ಬಗ್ಗೆ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಆ ಜಿಪ್ಪಿನ ಸದ್ದು ಶಾಂತವೀರಪ್ಪನ ಎದೆಗೆ ಸರ್ಪದಂಷ್ಟ್ರದಂತೆ ನಾಟಿತು.

ಆಗ, ಸಹೃದಯರೇ, ದಿಕ್ಕುಗಳು ನಡುಗಿದವೋ ಇಲ್ಲವೋ ನಾನರಿಯೆ, ಕಪಾಟಿನ ಹಲ್ಲುಗಳು ಮಾತ್ರ ಕಟಕಟನೆ ಕಡಿದವೆಂದು ಹೇಳುತ್ತಾರೆ. ನಲವತ್ಮೂರು ವರ್ಷ ಗಂಟಲಲ್ಲೇ ಗಡ್ಡೆಗಟ್ಟಿದ್ದ ಒಂದು ಮಾತು, ಸರ್ಪಕ್ಕೆಂದು ಎತ್ತಿದ್ದ ದನಿಯಲ್ಲೇ, ಹೊರಬಿದ್ದಿತು.

"ಆಗೂದಿಲ್ರಿ ಸರ!"

"ಏನಂದಿ?"

"ಇವತ್ತ ಆಗೂದಿಲ್ರಿ. ನಾ... ಒಂದು ಕೆಲಸದಾಗ ಅದೀನ್ರಿ."

ಶಾಂತವೀರಪ್ಪ ಕಣ್ಣು ಮುಚ್ಚಿಕೊಂಡ. ಮೆಮೊ ಬಂತು, ಬೀದರಿಗೆ ವರ್ಗವಾಯಿತು, ಪಿಂಚಣಿ ಹೋಯಿತು, ಹೆಂಡತಿ ತವರಿಗೆ ಹೊರಟಳು. ಇಷ್ಟೆಲ್ಲ ಎರಡು ಉಸಿರಿನಲ್ಲಿ ಅವನ ರೆಪ್ಪೆಯೊಳಗೆ ನಡೆದುಹೋಯಿತು.

"ಹೌದಾ? ಆತ್ ಬಿಡಪಾ," ಎಂದರು ಮರಡಿಯವರು. "ನಮ್ಮ ಅಳಿಯಾಗ ಹೇಳ್ತೀನಿ. ಯಾವಾಗ ಕರದ್ರೂ ಓಡಿ ಬರ್ತಿದ್ದಿ ನೋಡು, ಪಾಪ, ಮನ್ಯಾಗ ಕುಂತು ಬ್ಯಾಸರಾಗತೈತಿ ಅಂತ ತಿಳದಿದ್ದೆ ನಾ. ಇಡ್ಲಾ?"

ಇಟ್ಟರು.

ಶಾಂತವೀರಪ್ಪ ಫೋನನ್ನು ಮತ್ತೆ ಬೋರಲು ಮಲಗಿಸಿದ. ಮೊದಲು ಬಂದದ್ದು ಸಂತೋಷವಲ್ಲ, ಸಿಟ್ಟು. ಅದೂ ತನ್ನ ಮೇಲೆಯೇ. ಕೋಟೆಯ ಬಾಗಿಲಿಗೆ ಅಗುಳಿಯೇ ಇರಲಿಲ್ಲ! ಮೂರು ವರ್ಷ ಹೊರಗೆ ನಿಂತು ನಡುಗಿದ್ದಾಯಿತು. ಆಮೇಲೆ ಮೆಲ್ಲಗೆ, ಕಾಲಿನ ಹೆಬ್ಬೆರಳಿನಿಂದ ಶುರುವಾಗಿ, ಮದವೊಂದು ಮೇಲೇರತೊಡಗಿತು.

ರಹಮತುಲ್ಲಾ ಚೀಲದಿಂದ ಮತ್ತೆ ವಹಿ ತೆಗೆದ. ಅವನ ಕಣ್ಣುಗಳು ಹನಿಗೂಡಿದ್ದವು. "ಕೇಳ್ಲೇ ದೋಸ್ತ, ಮೊದ್ಲ ನಾ ಹಿಮದ ಮಂತ್ರ ಹಾಕ್ತೀನಿ. ನೀ ಬಂಡೆಗಲ್ಲಿನ ಹಿಂದ ನಿಂದ್ರು..."

"ಬ್ಯಾಡ!" ಎಂದ ಪ್ರಚಂಡಕೇತು. "ನಾ ಒಬ್ಬಾಂವನ ಹೊಡೀತೀನಿ."

"ಲೇ, ಸಾಯ್ತೀ."

"ಆಗೂದಿಲ್ಲ ಅಂದ್ರ ಆಗೂದಿಲ್ಲ!" ಆ ಪದದ ರುಚಿ ಹತ್ತಿಬಿಟ್ಟಿತ್ತು.

ದಾಳ ಉರುಳಿತು. ಸ್ಟೀಲ್ ಲೋಟಕ್ಕೆ ಬಡಿದು ಅದಕ್ಕೇ ಆತುಕೊಂಡು ನಿಂತಿತು. ಮೇಲ್ಮುಖದಲ್ಲಿ ಎರಡು.

"ಎರಡು ಬಿತ್ರಿ," ಎಂದರು ಡಾಕ್ಟರು, ಪಾಪವೆನಿಸಿ.

"ಇಲ್ರಿ ಡಾಕ್ಟರ. ದಾಳ ಲೋಟಕ್ಕ ಆತು ನಿಂತೈತಿ. ಇದು ನಡಿಯೂದಿಲ್ರಿ."

"ಎರಡು ಅಂತ ಎದ್ದ ಕಾಣಸ್ತೈತಲ್ರಿ!"

"ನಾ ಒಪ್ಪೂದಿಲ್ರಿ."

ಆಗ ಮೊದಲಾದ ವಾಗ್ಯುದ್ಧವನ್ನು ಬಣ್ಣಿಸಲು ಸಾವಿರ ನಾಲಗೆಯವನೂ ಸೋಲುತ್ತಾನೆ. ಇಪ್ಪತ್ತು ನಿಮಿಷ ಶಾಂತವೀರಪ್ಪ ಬಗ್ಗಲಿಲ್ಲ. ಮೇಜು ಸಪಾಟಿಲ್ಲವೆಂದ. ಲೋಟ ಅಲ್ಲಿಟ್ಟವರು ಯಾರೆಂದು ಕೇಳಿದ. ದಾಳದ ಓರೆಯನ್ನು ಅಳೆಯಲು ಹಲ್ಲು ನೋಡುವ ಸಣ್ಣ ಕನ್ನಡಿ ತರಿಸಿದ. ಆ ಕೋಣೆಯಲ್ಲಿ ಎಂತೆಂಥ ಹಟಮಾರಿ ದವಡೆಗಳನ್ನು ಗೆದ್ದಿದ್ದ ಡಾಕ್ಟರು ಕೊನೆಗೆ ಕೈಮುಗಿದರು.

"ಒಗೀರಿ ಮಾರಾಯ್ರ, ಇನ್ನೊಮ್ಮೆ ಒಗೀರಿ."

"ಈ ದನಿ ಇಷ್ಟ ದಿನ ಎಲ್ಲಿ ಇಟ್ಟಿದ್ದೀಲೇ?" ಎಂದ ರಹಮತುಲ್ಲಾ.

ಜಯಶಾಲಿಯು ದಾಳವನ್ನು ಅಂಗೈಯಲ್ಲಿಟ್ಟು, ಉಸಿರೂದಿ, ಕುಲದೇವರನ್ನೂ ಮನೆದೇವರನ್ನೂ ನೆನೆದು, ಲೋಟವನ್ನು ತಾನೇ ದೂರ ಸರಿಸಿ, ಉರುಳಿಸಿದ. ಸಪಾಟಾದ ಜಾಗದಲ್ಲಿ, ಯಾವುದಕ್ಕೂ ಆತುಕೊಳ್ಳದೆ, ಯಾರೂ ತಕರಾರು ತೆಗೆಯಲಾಗದಂತೆ ನೆಟ್ಟಗೆ ನಿಂತಿತು.

ಒಂದು.

ಧೂಮ್ರಜಿಹ್ವ ಬಾಯ್ದೆರೆದು ಮುಚ್ಚಿದ. ಯಕ್ಷಸೇನಾವಿಧ್ವಂಸಕನು ಪರಶುಸಮೇತ ಅವನ ಗಂಟಲಿಳಿದ. ಮಾಂತ್ರಿಕನು ಬಂಡೆಯ ಹಿಂದಿನಿಂದ ಹಿಮಮಂತ್ರ ಹಾಕಿ, ಹದಿನೆಂಟು ಬಿದ್ದು, ಒಬ್ಬನೇ ಸರ್ಪವನ್ನು ಕೊಂದ.

ಸತ್ತವನು ಎಲ್ಲರಿಗೂ ಗಿರಮಿಟ್ ತರಬೇಕೆಂಬುದು ಆ ಮೇಜಿನ ನಿಯಮ. ಶಾಂತವೀರಪ್ಪ ಚಪ್ಪಲಿ ಮೆಟ್ಟಿ, ಕ್ಲಿನಿಕ್ಕಿನ ಮೆಟ್ಟಿಲಿಳಿದು, ರಸ್ತೆ ದಾಟಿ ಚುರಮುರಿ ಗಾಡಿಯ ಮುಂದೆ ನಿಂತ.

"ಮೂರು ಗಿರಮಿಟ್ ಕಟ್ರಿ."

ಗಾಡಿಯವನು ಚುರಮುರಿಯನ್ನು ಬುಟ್ಟಿಗೆ ಸುರಿಯುತ್ತ ಮುಖ ನೋಡಿದ. "ಯಾಕ್ರಿ ಸರ, ಮಾರಿ ಸಪ್ಪಗ ಮಾಡೀರಿ?"

"ಈಗಷ್ಟ ಸತ್ತ ಬಂದೀನಿ."

"ಉಳ್ಳಾಗಡ್ಡಿ ಜಾಸ್ತಿ ಹಾಕಲೇನ್ರಿ?"

"ಹಾಕ್ರಿ," ಎಂದ ಶಾಂತವೀರಪ್ಪ.