ಮಿಂಚುಳ್ಳಿಯ ತಲೆ ಬಾವಿಗೆ ಬಿದ್ದದ್ದು

ನನ್ನ ಸೋದರಮಾವನ ಮುಂದೆ ಉರುಟಾದದ್ದು ಯಾವುದೂ ಹೆಚ್ಚು ಹೊತ್ತು ಸುಮ್ಮನೆ ಕೂರಬಾರದು. ಟೈಲ್ಸ್ ಅಂಟಿಸಿಬಿಡುತ್ತಾರೆ! ಶಿರ್ತಾಡಿಯ ಅವರ ಮನೆಗೆ ಹೋದರೆ ಬೋಳುತಲೆಯ ನನ್ನ ಅಪ್ಪ ಟೊಪ್ಪಿ ತೆಗೆಯುವುದಿಲ್ಲ.

ಸಪಾಟು ಗೋಡೆ ಎಂದರೆ ಮಾವನಿಗೆ ತಾತ್ಸಾರ. ಅದಕ್ಕೆ ಯಾರು ಬೇಕಾದರೂ ಅಂಟಿಸಿಯಾರಂತೆ. ಜಗಲಿಯ ಉರುಟು ಕಂಬ, ಹೂವಿನ ಚಟ್ಟಿ, ಬಚ್ಚಲಿನ ಹಂಡೆಯ ಕಟ್ಟೆ, ಎಲ್ಲಕ್ಕೂ ಬಣ್ಣದ ಟೈಲ್ಸ್ ಚೂರುಗಳ ಅಂಗಿ. ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಮೇಲೆ ಸಣ್ಣ ಕಣ್ಣಿನ ಬಲೆ ಬಿಡಿಸಿ, ಚೂರುಗಳನ್ನು ಚಿತ್ರವಾಗಿ ಜೋಡಿಸಿ, ಒಂದಕ್ಕೊಂದು ತಾಗದಂತೆ ಅಂಟಿಸುತ್ತಾರೆ. ಒಣಗಿದ ಮೇಲೆ ಇಡೀ ಚಿತ್ರವನ್ನು ಚಾಪೆಯಂತೆ ಎತ್ತಿ, ಸಿಮೆಂಟಿನ ಅಂಟು ಬಳಿದ ಕಂಬಕ್ಕೆ ಸುತ್ತುವುದು. ನಡುವೆ ಜಾಗ ಬಿಟ್ಟರೆ ಮಾತ್ರ ಚಿತ್ರ ಬಾಗುತ್ತದೆ. "ಮದುವೆಯೂ ಹಾಗೆಯೇ ಮಾರಾಯ" ಎಂದು ನನಗೆ ಹೇಳಿದರು, ಅಡುಗೆಮನೆಯ ಕಡೆ ನೋಡಿ, ದನಿ ತಗ್ಗಿಸಿ.

ಚೂರು ಬಂಟ್ವಾಳದ ಟೈಲ್ಸ್ ಅಂಗಡಿಯ ಹಿತ್ತಿಲಿನಿಂದ ಗೋಣಿಯಲ್ಲಿ, ಬಸ್ಸಿನಲ್ಲಿ ಬರುತ್ತದೆ. ಒಳಗೆ ಏನುಂಟು ಎಂದು ಕೇಳಿದ ಕಂಡಕ್ಟರಿಗೆ ಮಾವ, "ಕಂಬಕ್ಕೆ ಅಂಗಿಬಟ್ಟೆ" ಎಂದರಂತೆ. ಅಂಗಡಿಯಲ್ಲಿ ಸಿಗದ ಬಣ್ಣ? ಆಗ ಅತ್ತೆಯ ಅಡುಗೆಮನೆಯಲ್ಲಿ ತಟ್ಟೆಗಳು ಮಾವನ ಕೈಯಿಂದ ಜಾರುತ್ತವೆ. ಹಸಿರು ಬೇಕಾದ ವಾರ ಹಸಿರು ತಟ್ಟೆಯೇ ಜಾರುವುದು ವಿಜ್ಞಾನಕ್ಕೂ ಸವಾಲು! ಕಡೆಗೆ ಅತ್ತೆ, ತನ್ನ ಅಣ್ಣ ದುಬೈಯಿಂದ ತಂದ ನೀಲಿ ಚಹಾ ಕಪ್‌ಗಳನ್ನು ಕಬ್ಬಿಣದ ಕಪಾಟಿನಲ್ಲಿ, ಬಂಗಾರದ ಜೊತೆ ಇಟ್ಟು ಬೀಗ ಹಾಕಿದರು.

ಈ ಸಲ ಬಾವಿಕಟ್ಟೆಗೆ ಮಿಂಚುಳ್ಳಿ. ಬಾಲ, ಹೊಟ್ಟೆ ಕಟ್ಟೆಯ ಹೊರಗೆ; ತಲೆ ಮಾತ್ರ ಕಟ್ಟೆ ದಾಟಿ ಬಾವಿಯ ಒಳಮೈಗೆ. ಮನೆಯಲ್ಲಿದ್ದ ನೀಲಿ ಚೂರೆಲ್ಲ ಆ ತಲೆಗೇ ಮುಗಿದಿತ್ತು. ತಲೆಯೂ ಹೊರಗೇ ಸಾಕಲ್ಲವಾ ಎಂದೆ. ಮಿಂಚುಳ್ಳಿ ನೀರು ನೋಡದೆ ನಿನ್ನ ಬೈಕು ನೋಡಿಕೊಂಡು ಕೂತರೆ ಅದರ ಹೊಟ್ಟೆ ತುಂಬುತ್ತದಾ ಎಂದು ಕೇಳಿದರು. ಡಿಗ್ರಿ ಓದಿದ ನಾನು ಎದ್ದು ಹೋಗಿ ಬೈಕನ್ನು ಮನೆಯ ಹಿಂದೆ ನಿಲ್ಲಿಸಿದೆ.

ಬೆಳಿಗ್ಗೆ, ತರಗೆಲೆ ಬೀಳದಂತೆ ಬಾವಿಗೆ ಕಟ್ಟಿದ್ದ ಬಲೆ ಬಿಚ್ಚಿದೆವು. ಮಾವ ಕಟ್ಟೆಯ ಮೇಲೆ ಬೋರಲು ಮಲಗಿ ತಲೆಯ ತುಂಡನ್ನು ಒಳಗೆ ಒತ್ತಿದರು. ಅಂಟು ಇನ್ನೂ ಹಸಿ. ತುಂಡು ಭಾರಕ್ಕೆ ಜಾರಿತು. ಹಿಡಿಯಲು ಬಾಗಿದ ಮಾವನೂ ಜಾರಿದರು. ನಾನು ಅವರ ಪಂಚೆ ಹಿಡಿದೆ. ಪಂಚೆ ನನ್ನ ಕೈಗೆ ಬಂತು, ಮಾವ ಬರಲಿಲ್ಲ.

ಇದನ್ನು ಬರೆಯುವಾಗಲೂ ಆ ಪಂಚೆಯ ಹಗುರ ನನ್ನ ಮುಷ್ಟಿಯಲ್ಲಿದೆ.

ಬಗ್ಗಿ ನೋಡಿದರೆ, ಗೋಡೆಯಲ್ಲಿ ಕಾಲಿಡಲು ಕೊರೆದ ಕಿಂಡಿಯೊಂದರಲ್ಲಿ ಒಂದು ಪಾದ, ಒಂದು ಕೈಯಲ್ಲಿ ರಾಟೆಯ ಹಗ್ಗ. ಇನ್ನೊಂದು ಕೈಯಲ್ಲಿ ಮಿಂಚುಳ್ಳಿಯ ತಲೆ!

"ಅದನ್ನು ಬಿಡಿ ಮಾವ, ಎರಡೂ ಕೈಯಲ್ಲಿ ಹಗ್ಗ ಹಿಡೀರಿ."

"ಬಿಟ್ಟರೆ ನೀಲಿ ಹೋಗ್ತದೆ ಮಾರಾಯ. ಬೇರೆ ನೀಲಿ ಇಲ್ಲ."

ನಾನು ಕೂಗಿದೆ, ಬೇಡಿದೆ, ಕಲಿತ ಭೌತಶಾಸ್ತ್ರವನ್ನೂ ಹೇಳಿದೆ. ಅಷ್ಟರಲ್ಲಿ ಅತ್ತೆ ಬಂದರು. ಕೂಗಲಿಲ್ಲ. ಕಟ್ಟೆ ಹಿಡಿದು ಬಗ್ಗಿ, ಮೀನು ಮಾರುವವಳ ಹತ್ತಿರ ಚೌಕಾಸಿ ಮಾಡುವ ದನಿಯಲ್ಲಿ ಅಂದರು:

"ಅದನ್ನು ಬಿಡಿ. ನೀಲಿ ನಾನು ಕೊಡ್ತೇನೆ."

ಮಾವ ಬಾವಿಯೊಳಗಿಂದ ತಲೆ ಎತ್ತಿದರು. "ಕಪಾಟಿನದ್ದಾ?"

"ಕಪಾಟಿನದ್ದೇ."

ನೀರಿನಲ್ಲಿ ದೊಡ್ಡ ಸದ್ದಾಯಿತು. ಬಿದ್ದದ್ದು ಮಿಂಚುಳ್ಳಿ. ಮಾವ ಎರಡೂ ಕೈಯಲ್ಲಿ ಹಗ್ಗ ಹಿಡಿದು ಕಿಂಡಿ ಕಿಂಡಿ ಹತ್ತಿ ಬಂದರು. ನಾವಿಬ್ಬರು ರಟ್ಟೆ ಹಿಡಿದು ಎಳೆದುಕೊಂಡೆವು. ಮೊಣಕೈ ತರಚಿತ್ತು, ಅಷ್ಟೇ. ಅತ್ತೆ ಪಂಚೆಯನ್ನು ಅವರ ಮುಖದ ಮೇಲೆ ಎಸೆದು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಹೊರಗೆ ಏನೋ ಒಡೆದ ಸದ್ದು. ನಾನು ಬಾವಿಯತ್ತ ಓಡಿದೆ. ಬಾವಿಯ ಮೇಲೆ ಬಲೆ ಬಿಗಿಯಾಗಿತ್ತು. ಪಕ್ಕದ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅತ್ತೆ ಕುಕ್ಕರಗಾಲಲ್ಲಿ ಕೂತು, ದುಬೈಯ ಕಪ್ ಒಂದನ್ನು ಬಟ್ಟೆಯಲ್ಲಿ ಸುತ್ತಿ, ರುಬ್ಬುವ ಗುಂಡಿನಿಂದ ಕುಟ್ಟುತ್ತಿದ್ದರು. ಮಾವ ಜಗಲಿಯ ಕಂಬಕ್ಕೆ ಒರಗಿ ನೋಡುತ್ತಿದ್ದರು.

ಅತ್ತೆ ಬಟ್ಟೆ ಬಿಡಿಸಿ, ಚೂರೊಂದನ್ನು ಬಿಸಿಲಿಗೆ ಹಿಡಿದು, ತಲೆ ಎತ್ತದೆ ಕೇಳಿದರು:

"ಕೊಕ್ಕಿನ ಹತ್ತಿರಕ್ಕೆ ಇಷ್ಟು ಸಣ್ಣ ಸಾಕಾ? ತಲೆ ಈ ಸಲ ಹೊರಗೇ ಇರಲಿ."